ಮೇಲಿಂದ ಬಿದ್ದ ನೀಲಿ ಹತ್ತಿ

ಕೇಳುಗರೇ, ನಮಸ್ಕಾರ.

ಕೂತ ಕೊಂಬೆಯನ್ನೇ ಕಡಿಯುತ್ತಿದ್ದ ದಡ್ಡನ ಕಥೆ ನಿಮಗೆಲ್ಲ ಗೊತ್ತೇ ಇದೆ. ಅವನೇ ಮುಂದೆ ಕಾಳಿದಾಸ ಆದ ಅಂತಾರೆ. ನಾನು ಮರ ಹತ್ತಿ ಕೊಂಬೆ ಕತ್ತರಿಸುವವನು. ಇಷ್ಟು ವರ್ಷದಲ್ಲಿ ಕೂತ ಕೊಂಬೆ ಕಡಿದವರನ್ನು ನಾನಂತೂ ನೋಡಿಲ್ಲ. ಅದು ಕಣ್ಣಿಗೆ ರಾಚುವ ತಪ್ಪು, ಅದಕ್ಕೇ ಯಾರೂ ಮಾಡುವುದಿಲ್ಲ. ನಮ್ಮವರು ಕಡಿಯುವುದು ತಾವು ನೇತಾಡುತ್ತಿರುವ ಹಗ್ಗವನ್ನು. ಒಂದು ದಿನ ನಾನೂ ಕಡಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ನಮ್ಮ ಕೆಲಸದವರನ್ನು ಟ್ರೀ ಸರ್ಜನ್ ಅಂತ ಕರೆಯುತ್ತಾರೆ. ಹೆಸರು ಕೇಳಿದ ತಕ್ಷಣ ಜನ ನಗುತ್ತಾರೆ. ‘ಮರಕ್ಕೆ ಮತ್ತಿನ ಇಂಜೆಕ್ಷನ್ ಕೊಡ್ತೀರಾ?’ ಅಂತ ಕೇಳದವರೇ ಕಡಿಮೆ. ಹಿಂದೆ ಈ ಹೆಸರಿಗೆ ತಕ್ಕ ಕೆಲಸವೂ ಇತ್ತು ಅನ್ನಿ. ಜಾನ್ ಡೇವಿ ಅಂತ ಒಬ್ಬ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಒಹಾಯೋದಲ್ಲಿ ನೆಲೆಸಿದವನು. 19ನೇ ಶತಮಾನದ ಕೊನೆಯಲ್ಲಿ ಈ ಕಸುಬಿಗೆ ಒಂದು ರೂಪ ಕೊಟ್ಟವನು ಅವನೇ. ಆ ಕಾಲದವರು ಮರದ ಪೊಟರೆ ಕೆರೆದು, ಕೊಳೆತದ್ದನ್ನು ತೆಗೆದು, ಒಳಗೆ ಸಿಮೆಂಟ್ ತುಂಬುತ್ತಿದ್ದರು. ಹಲ್ಲಿನ ಡಾಕ್ಟರು ಹುಳುಕು ಹಲ್ಲು ತುಂಬುತ್ತಾರಲ್ಲ, ಥೇಟ್ ಹಾಗೆ. ಆದರೆ ಗಾಳಿ ಬಂದರೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಪದ್ಧತಿ ಬಿಟ್ಟುಹೋಯಿತು. ಸಿಮೆಂಟ್ ಮಾತ್ರ ಕೆಲವು ಮರಗಳ ಹೊಟ್ಟೆಯಲ್ಲೇ ಉಳಿಯಿತು. ಮೇಲೆ ತೊಗಟೆ ಬೆಳೆದು ಮುಚ್ಚಿಕೊಂಡಿತು. ಎಷ್ಟೋ ವರ್ಷದ ಮೇಲೆ ಗರಗಸ ಹಾಕಿದವನಿಗೆ ಕಿಡಿ ಹಾರಿದಾಗಲೇ ಗೊತ್ತಾಗುವುದು.

ಅಲೆಕ್ಸ್ ಶೈಗೊ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿದರು. ಮರದ ಗಾಯ ನಮ್ಮ ಚರ್ಮದ ಗಾಯದ ಹಾಗೆ ಮಾಯುವುದಿಲ್ಲ, ಮರ ಆ ಜಾಗದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಅಲ್ಲೇ ತಡೆಯುತ್ತದೆ ಅಂತ 1977ರಲ್ಲಿ ವಿವರಿಸಿದರು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಕತ್ತಿನ ಪಟ್ಟಿಯ ಹಾಗೆ ಒಂದು ಉಬ್ಬು ಇರುತ್ತದೆ. ಅದನ್ನು ಬಿಟ್ಟು ಹೊರಗೆ ಕೊಯ್ಯಿರಿ ಅನ್ನುವ ಪಾಠ ಅಲ್ಲಿಂದ ಬಂತು. ಈಗಲೂ ನಮ್ಮಲ್ಲಿ ಯಾರಾದರೂ ಕಾಂಡಕ್ಕೆ ಅಂಟಿಸಿ ನುಣ್ಣಗೆ ಕೊಯ್ದರೆ, ಕೆಳಗಿಂದ ಮಾತು ಬರುತ್ತದೆ: ‘ಏನ್ ಗುರು, ಕ್ಷೌರ ಮಾಡ್ತಿದ್ಯಾ?’

ಇನ್ನೊಂದು ತಮಾಷೆ ಕೇಳಿ. ಸರಪಳಿಗೆ ಹಲ್ಲು ಕೂರಿಸಿ ಕೊಯ್ಯುವ ಉಪಾಯ ಮೊದಲು ಬಂದದ್ದು ಮರಕ್ಕಲ್ಲ, ಮನುಷ್ಯನ ಮೂಳೆಗೆ. ಜರ್ಮನಿಯ ಬರ್ನಾರ್ಡ್ ಹೈನೆ 1830ರಲ್ಲಿ ಅಂಥ ಒಂದು ಸಾಧನ ಮಾಡಿದ. ಕೈಯಲ್ಲಿ ಹಿಡಿ ತಿರುಗಿಸಿದರೆ ಸರಪಳಿ ಓಡಿ ಮೂಳೆ ಕೊಯ್ಯುತ್ತಿತ್ತು. ಹಾಗಾಗಿ ಸರ್ಜನ್ ಅನ್ನುವ ಹೆಸರು ನಮಗೆ ಸುಮ್ನೆ ಬಂದದ್ದೇನಲ್ಲ ಅಂತ ನಾವು ಜಂಬ ಕೊಚ್ಚಿಕೊಳ್ಳುವುದುಂಟು.

ಈಗ ನಾವು ಬಳಸುವ ಚೈನ್ ಸಾ, ಅಂದರೆ ಮೆಷಿನ್ನಿನ ಸರಪಳಿ ಗರಗಸ. ಅದರ ಹಲ್ಲಿನ ಕಥೆ ಇನ್ನೂ ಚೆನ್ನಾಗಿದೆ. 1946ರಲ್ಲಿ ಅಮೆರಿಕದಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವನು ಒಂದು ಮೋಟಿನಲ್ಲಿ ದುಂಬಿಯ ಹುಳು ಮರ ಕೊರೆಯುವುದನ್ನು ಕಂಡ. ಅದು ಎಡಕ್ಕೆ ಬಲಕ್ಕೆ ಎರಡೂ ಕಡೆ ದವಡೆ ಆಡಿಸುತ್ತಾ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ನೋಡಿ ಎಡ ಹಲ್ಲು, ಬಲ ಹಲ್ಲು ಇರುವ ಸರಪಳಿ ಮಾಡಿದ. ನಾವು ಇವತ್ತಿಗೂ ಬಳಸುವುದು ಆ ಬಗೆಯ ಸರಪಳಿಯನ್ನೇ.

ಆ ಹಲ್ಲುಗಳನ್ನು ಅರ ಹಾಕಿ ಚೂಪು ಮಾಡಬೇಕು. ನಮ್ಮ ಗುಂಪಿನ ಅರ್ಧ ಜಗಳ ಇದರದ್ದೇ. ಚೂಪಾದ ಸರಪಳಿ ಚಕ್ಕೆ ಚಕ್ಕೆಯಾಗಿ ಮರ ತೆಗೆಯುತ್ತದೆ. ಮೊಂಡಾದದ್ದು ಹಿಟ್ಟಿನ ಹಾಗೆ ಪುಡಿ ಉದುರಿಸುತ್ತದೆ. ಪುಡಿ ಬಂತು ಅಂದರೆ ಕೈ ತಾನಾಗಿ ಗರಗಸವನ್ನು ಒತ್ತುತ್ತದೆ. ಒತ್ತಿದವನ ತೋಳು ಸೋಲುತ್ತದೆ, ಸೋತವನ ಕಾಲು ಜಾರುತ್ತದೆ. ಇನ್ನು ಒಂದು ಕಡೆಯ ಹಲ್ಲು ಜಾಸ್ತಿ ಅರೆದು ಇನ್ನೊಂದು ಕಡೆ ಕಡಿಮೆ ಅರೆದರೆ, ಕೊಯ್ತ ನೇರ ಹೋಗುವುದಿಲ್ಲ, ಸೊಟ್ಟ ಹೋಗುತ್ತದೆ. ನಮ್ಮಲ್ಲಿ ಒಬ್ಬನಿಗೆ ಬಲಗೈಯೇ ಜೋರು. ಅವನು ಅರ ಹಾಕಿದ ಗರಗಸ ಯಾವಾಗಲೂ ಒಂದೇ ಕಡೆ ಎಳೆಯುತ್ತಿತ್ತು. ‘ಇವನ ಗರಗಸ ಕೊಟ್ಟರೆ ಮರದ ಸುತ್ತ ಪ್ರದಕ್ಷಿಣೆ ಹಾಕಿ ಮನೆಗೆ ಹೋಗುತ್ತೆ’ ಅಂತ ಎಲ್ಲರೂ ರೇಗಿಸುತ್ತಿದ್ದರು. ಅವನು ಮಾತಾಡದೆ ಎರಡೂ ಕಡೆ ಎಷ್ಟೆಷ್ಟು ಸಲ ಅರ ಎಳೆದೆ ಅಂತ ಎಣಿಸಲು ಶುರು ಮಾಡಿದ. ಈಗಂತೂ ನನಗಿಂತ ಚೆನ್ನಾಗಿ ಚೂಪು ಮಾಡುತ್ತಾನೆ. ನಾನು ಒಪ್ಪಿಕೊಳ್ಳುವುದು ಇಲ್ಲಿ ಮಾತ್ರ, ಅವನ ಮುಂದಲ್ಲ.

ಗರಗಸದಲ್ಲಿ ನಾವು ತಮಾಷೆ ಮಾಡದ ಜಾಗ ಒಂದಿದೆ. ಸರಪಳಿ ಓಡುವ ಉದ್ದ ಪಟ್ಟಿಗೆ ಬಾರ್ ಅನ್ನುತ್ತೇವೆ. ಅದರ ತುದಿಯ ಮೇಲ್ಭಾಗ, ಒಂದು ಬಿಲ್ಲೆಯ ಕಾಲುಭಾಗದಷ್ಟು ಅಂದುಕೊಳ್ಳಿ. ಆ ಜಾಗ ಮರಕ್ಕೋ ಪಕ್ಕದ ರೆಂಬೆಗೋ ತಾಗಿದರೆ ಗರಗಸ ಚಿಮ್ಮಿ ಮುಖದ ಕಡೆಗೇ ಬರುತ್ತದೆ. ಇದನ್ನು ಕಿಕ್‌ಬ್ಯಾಕ್ ಅನ್ನುತ್ತಾರೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ಅದಕ್ಕೇ ಎಡಗೈ ಹೆಬ್ಬೆರಳು ಮುಂದಿನ ಹಿಡಿಯನ್ನು ಕೆಳಗಿಂದ ಸುತ್ತಿ ಹಿಡಿದಿರಬೇಕು. ಹೆಬ್ಬೆರಳನ್ನು ಮೇಲೆ ಇಟ್ಟು ಹಿಡಿದವನ ಕೈಯಿಂದ ಗರಗಸ ಬಿಡಿಸಿಕೊಂಡು ಹೋಗುತ್ತದೆ. ಮುಂದೆ ಒಂದು ಕೈ ತಡೆ ಇದೆ, ಅದು ಹಿಂದಿನಿಂದ ತಳ್ಳಿಸಿಕೊಂಡರೆ ಬ್ರೇಕ್ ಬಿದ್ದು ಸರಪಳಿ ನಿಲ್ಲುತ್ತದೆ. ಬೆಳಿಗ್ಗೆ ಗರಗಸ ಚಾಲೂ ಮಾಡಿದ ಮೇಲೆ ನಾನು ಮೊದಲು ನೋಡುವುದು ಆ ಬ್ರೇಕನ್ನು.

ಮರದ ಮೇಲೆ ಬಳಸುವ ಸಣ್ಣ ಗರಗಸಕ್ಕೆ ಹಿಡಿ ಮೇಲುಗಡೆ ಇರುತ್ತದೆ. ಹಗುರ, ಒಂದೇ ಕೈಯಲ್ಲಿ ಹಿಡಿಯಬಹುದು ಅನ್ನಿಸುತ್ತದೆ. ಆ ಅನ್ನಿಸುವುದೇ ಕಷ್ಟ. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಕೊಂಬೆ ಹಿಡಿದು ಕೊಯ್ಯುವುದು ನೋಡೋಕೆ ಸ್ಟೈಲಾಗಿ ಕಾಣುತ್ತದೆ. ಕೊಂಬೆ ಹಿಡಿದ ಕೈ ಸರಪಳಿಯ ದಾರಿಯಲ್ಲೇ ಇರುತ್ತದೆ ಅನ್ನುವುದು ಆ ಹೊತ್ತಿಗೆ ನೆನಪಾಗುವುದಿಲ್ಲ.

ನಮ್ಮ ಪ್ಯಾಂಟಿನ ವಿಷಯ ಹೇಳಲೇಬೇಕು. ಹೊರಗಿನಿಂದ ನೋಡಿದರೆ ದಪ್ಪನೆಯ, ಬೇಸಿಗೆಯಲ್ಲಿ ಯಾರೂ ಹಾಕಬಾರದ ಪ್ಯಾಂಟು. ಒಳಗೆ ಉದ್ದುದ್ದ ಎಳೆಗಳ ಪದರ ಪದರ ಇರುತ್ತದೆ. ಓಡುವ ಸರಪಳಿ ತಾಗಿದರೆ ಮೇಲಿನ ಬಟ್ಟೆ ಹರಿಯುತ್ತದೆ. ಒಳಗಿನ ಎಳೆಗಳು ಕಿತ್ತುಬಂದು ಸರಪಳಿಯ ಜೊತೆ ಹೋಗಿ, ಅದನ್ನು ತಿರುಗಿಸುವ ಹಲ್ಲುಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಗರಗಸ ಅಲ್ಲೇ ಉಸಿರು ಕಟ್ಟಿ ನಿಲ್ಲುತ್ತದೆ. ಎಷ್ಟು ವೇಗದ ಸರಪಳಿಗೆ ಪರೀಕ್ಷೆ ಮಾಡಿದ್ದಾರೆ ಅನ್ನುವುದರ ಮೇಲೆ ಕ್ಲಾಸ್ ಇರುತ್ತದೆ: ಒಂದನೇ ಕ್ಲಾಸು ಸೆಕೆಂಡಿಗೆ 20 ಮೀಟರ್, ಎರಡನೇದು 24, ಮೂರನೇದು 28. ಮುಂಭಾಗಕ್ಕೆ ಮಾತ್ರ ರಕ್ಷಣೆ ಇರುವ ಪ್ಯಾಂಟಿದೆ, ಸುತ್ತಲೂ ಇರುವುದೂ ಇದೆ. ಮರದ ಮೇಲೆ ಕಾಲು ಯಾವ ಕಡೆ ತಿರುಗಿರುತ್ತದೋ ಯಾರಿಗೆ ಗೊತ್ತು? ಅದಕ್ಕೇ ಹತ್ತುವವರಿಗೆ ಸುತ್ತಲೂ ಇರುವುದೇ ಸರಿ. ಒಮ್ಮೆ ಸರಪಳಿ ಕಚ್ಚಿದ ಪ್ಯಾಂಟನ್ನು ಹೊಲಿದು ಹಾಕಿಕೊಳ್ಳುವ ಹಾಗಿಲ್ಲ. ನಮ್ಮ ಸಾಮಾನಿನ ಕೋಣೆಯಲ್ಲಿ ಅಂಥದ್ದೊಂದು ಮೊಳೆಗೆ ನೇತಾಡುತ್ತಿದೆ. ಮೊಣಕಾಲಿನ ಮೇಲೆ ಒಂದು ಗೇಣು ಬಾಯಿ ಬಿಟ್ಟಿದೆ, ಒಳಗಿಂದ ಬಿಳಿ ಎಳೆ ಗಡ್ಡದ ಹಾಗೆ ಇಳಿಬಿದ್ದಿದೆ. ಹೊಸದಾಗಿ ಬಂದ ಹುಡುಗರು ಸೆಖೆ ಅಂತ ಗೊಣಗಿದರೆ ನಾವು ಏನೂ ಹೇಳುವುದಿಲ್ಲ. ‘ಆ ತಾತನ್ನ ಮಾತಾಡಿಸಿಕೊಂಡು ಬಾ’ ಅಂತ ಒಳಗೆ ಕಳಿಸುತ್ತೇವೆ.

ಹಗ್ಗಕ್ಕೆ ಬರೋಣ. ಹತ್ತುವ ಹಗ್ಗ ಸುಮಾರು 11ರಿಂದ 13 ಮಿಲಿಮೀಟರ್ ದಪ್ಪ. ನೋಡೋಕೆ ಸಣ್ಣಗಿದೆ, ಆದರೆ ಒಳ್ಳೆಯ ಹಗ್ಗ ಎರಡು ಟನ್‌ಗಿಂತ ಜಾಸ್ತಿ ಭಾರ ತಡೆಯುತ್ತದೆ. ಅದೇ ಹಗ್ಗಕ್ಕೆ ಓಡುವ ಸರಪಳಿ ಸೋಕಿದರೆ ಬೆಣ್ಣೆ. ಹಗ್ಗದ ಮೇಲೆ ಹತ್ತಿ ಇಳಿಯಲು ಒಂದು ಬಗೆಯ ಗಂಟು ಹಾಕುತ್ತೇವೆ. ಭಾರ ಬಿದ್ದರೆ ಬಿಗಿಯಾಗುತ್ತದೆ, ಭಾರ ತೆಗೆದರೆ ಜಾರುತ್ತದೆ. ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವುದು ಪ್ರುಸಿಕ್ ಗಂಟು. ಕಾರ್ಲ್ ಪ್ರುಸಿಕ್ ಎಂಬ ಆಸ್ಟ್ರಿಯಾದ ಪರ್ವತಾರೋಹಿ 1931ರಲ್ಲಿ ತೋರಿಸಿಕೊಟ್ಟದ್ದು. ಈಗ ಗಂಟಿನ ಬದಲು ಲೋಹದ ಸಾಧನಗಳೂ ಬಂದಿವೆ. ಗಂಟಿನವರು, ಸಾಧನದವರು ಅಂತ ನಮ್ಮಲ್ಲಿ ಎರಡು ಪಕ್ಷ. ಒಬ್ಬರು ಇನ್ನೊಬ್ಬರನ್ನು ಅಜ್ಜ ಅಂತಾರೆ, ಅವರು ಇವರನ್ನು ಸೋಮಾರಿ ಅಂತಾರೆ. ನಾನು ಗಂಟಿನವನು.

ಹತ್ತುವ ಹಗ್ಗದ ಜೊತೆ ಸೊಂಟದಿಂದ ಕೊಂಬೆಯನ್ನು ಸುತ್ತುವ ಹಾಗೆ ಇನ್ನೊಂದು ಚಿಕ್ಕ ಹಗ್ಗ ಕಟ್ಟಿಕೊಳ್ಳುತ್ತೇವೆ. ಮರದ ಮೇಲೆ ಚೈನ್ ಸಾ ಚಾಲೂ ಮಾಡುವ ಮೊದಲು ಎರಡೂ ಇರಬೇಕು. ಒಂದು ಕಡಿದರೆ ಇನ್ನೊಂದು ಇದೆ ಅನ್ನುವ ಲೆಕ್ಕ. ಕೆಳಗೆ ಇರುವವರಲ್ಲಿ ಒಬ್ಬನಾದರೂ ಹತ್ತಿ ಬಂದು ನನ್ನನ್ನು ಇಳಿಸುವಷ್ಟು ಕಲಿತಿರಬೇಕು. ಅವನ ಹಗ್ಗ, ಅವನ ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸಲು ಮೈಗೆ ಕಟ್ಟಿಕೊಳ್ಳುವ ಪಟ್ಟಿ) ಬಿಚ್ಚಿಟ್ಟು ತಯಾರಾಗಿರಬೇಕು, ವ್ಯಾನಿನ ತಳದಲ್ಲಿ ಸೌದೆ ಕೆಳಗೆ ಅಲ್ಲ.

ಕೆಳಗಿನವರ ಕೆಲಸ ಕಸ ಎತ್ತುವುದು ಅಂತ ನೋಡುವವರು ಅಂದುಕೊಳ್ಳುತ್ತಾರೆ. ಅರ್ಧ ಮೀಟರ್ ದಪ್ಪ, ಒಂದು ಮೀಟರ್ ಉದ್ದದ ಹಸಿ ತುಂಡು ಸುಮಾರು 200 ಕೆ.ಜಿ. ಬರುತ್ತದೆ. ಅದನ್ನು ಹಗ್ಗದಲ್ಲಿ ಇಳಿಸುವವನು ಕೆಳಗಿನವನು. ತಟ್ಟನೆ ಹಿಡಿದು ನಿಲ್ಲಿಸಿದರೆ ಆ ಎಳೆತ ಮರಕ್ಕೆ ಬೀಳುತ್ತದೆ, ಮರದ ಮೇಲೆ ಇರುವ ನಾನು ಉಯ್ಯಾಲೆ ಆಡುತ್ತೇನೆ. ಹಗ್ಗ ಬಿಡುತ್ತಾ ಬಿಡುತ್ತಾ ನಿಧಾನಕ್ಕೆ ನಿಲ್ಲಿಸುವುದು ಒಂದು ಹದ. ರೆಂಬೆಗಳನ್ನು ಚೂರು ಮಾಡುವ ಚಿಪ್ಪರ್ ಮೆಷಿನ್ನಿಗೆ ಸೊಪ್ಪು ತುರುಕುವವನೂ ಅವನೇ. ಆ ಸೊಪ್ಪಿನಲ್ಲಿ ನನ್ನ ಹಗ್ಗದ ತುದಿ ಸಿಕ್ಕಿಕೊಂಡು ಮೆಷಿನ್ನಿನ ಬಾಯಿಗೆ ಹೋದರೆ, ಹಗ್ಗದ ಇನ್ನೊಂದು ತುದಿಯಲ್ಲಿ ನಾನಿದ್ದೇನೆ. ಇದನ್ನು ಯೋಚಿಸಿದರೆ ಈಗಲೂ ಅಂಗೈ ಬೆವರುತ್ತದೆ.

ಅದಕ್ಕೇ ಮೇಲಕ್ಕೂ ಕೆಳಕ್ಕೂ ಮಾತು ಓಡಾಡುತ್ತಲೇ ಇರಬೇಕು. ಕೊಯ್ಯುವ ಮೊದಲು ನಾನು ‘ಬೀಳ್ತದೆ’ ಅನ್ನುತ್ತೇನೆ. ಕೆಳಗಿನವನು ಸುತ್ತ ನೋಡಿ ‘ಖಾಲಿ’ ಅನ್ನಬೇಕು. ಅದು ಕಿವಿಗೆ ಬೀಳುವ ತನಕ ಕೊಯ್ಯುವುದಿಲ್ಲ. ‘ನಿಲ್ಸು’ ಅನ್ನುವ ಮಾತನ್ನು ಯಾರು ಬೇಕಾದರೂ ಹೇಳಬಹುದು. ಅದನ್ನು ತಮಾಷೆಗೆ ಮಾತ್ರ ಯಾರೂ ಹೇಳುವ ಹಾಗಿಲ್ಲ.

ಈಗ ನನ್ನ ಕಥೆ. ನಾನು ಮೊದಲು ಬೇರೊಂದು ಗುಂಪಿನಲ್ಲಿದ್ದೆ. ಅಲ್ಲಿ ದೊಡ್ಡವನಿಗೆ ನಗು ಅಂದರೆ ಆಗುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕಿರಿಯರು ಬಾಯಿ ಬಿಟ್ಟರೆ ಬೈಗುಳ. ಒಮ್ಮೆ ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿಕೊಂಡಿತ್ತು, ಇಡೀ ಬೆಳಿಗ್ಗೆ ಹಾಗೇ ಇದ್ದೆ. ಮೂರು ಜನ ನೋಡಿದ್ದರಂತೆ. ಯಾರೂ ಹೇಳಲಿಲ್ಲ. ಕೇಳಿದರೆ, ‘ನಾವ್ಯಾಕೆ ಹೇಳಿಸಿಕೊಳ್ಳಬೇಕು’ ಅಂದರು.

ಆಮೇಲೆ ಈ ಗುಂಪಿಗೆ ಬಂದೆ. ಇಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಬಾಯಿ ಮುಚ್ಚುವುದಿಲ್ಲ. ಒಬ್ಬನ ಹೊಟ್ಟೆ, ಇನ್ನೊಬ್ಬನ ಗಂಟು, ಮತ್ತೊಬ್ಬ ಹಗ್ಗ ಎಸೆದು ಏಳು ಸಲ ತಪ್ಪಿದ್ದು, ಎಲ್ಲವೂ ಸರಕು. ಮೊದಮೊದಲು ನನಗೆ ಕಿರಿಕಿರಿ ಆಯಿತು. ಕೆಲಸಕ್ಕೆ ಬಂದಿದ್ದಾರೋ ನಾಟಕಕ್ಕೋ ಅನ್ನಿಸಿತು.

ಒಂದು ದಿನ ದಟ್ಟನೆಯ ಮರದ ಮೇಲೆ ಇದ್ದೆ. ಮೂರು ರೆಂಬೆ ಒಂದೇ ಕಡೆ ಹೆಣೆದುಕೊಂಡಿದ್ದವು. ಕೈ ಎಟುಕದ ಕಡೆ ಗರಗಸ ಚಾಚಿ ಕೊಯ್ಯುತ್ತಿದ್ದೆ. ಕೆಲಸಕ್ಕೆ ಸೇರಿ ಹತ್ತು ದಿನವೂ ಆಗದ ಹುಡುಗ ಕೆಳಗಿಂದ ಕೂಗಿದ: ‘ನಿಲ್ಸಣ್ಣಾ! ನಿಲ್ಸು!’ ನಿಲ್ಲಿಸಿದೆ. ‘ಏನೋ?’ ಅಂದೆ. ಅವನು ಸ್ವಲ್ಪ ಹಿಂಜರಿದು, ‘ಅಣ್ಣಾ, ಮೇಲಿಂದ ನೀಲಿ ಹತ್ತಿ ಬೀಳ್ತಿದೆ’ ಅಂದ.

ಎಲ್ಲರೂ ನಕ್ಕರು. ಮರದಿಂದ ನೀಲಿ ಹತ್ತಿ! ನಾನೂ ನಗುತ್ತಾ ಕೆಳಗೆ ನೋಡಿಕೊಂಡೆ. ನನ್ನ ಸೊಂಟದ ಹಗ್ಗ ನೀಲಿ. ಕೊಂಬೆಯ ಆಚೆ ಬದಿಯಲ್ಲಿ, ನನ್ನ ಕಣ್ಣಿಗೆ ಕಾಣದ ಕಡೆ, ಗರಗಸ ಅದರ ಮೇಲಿನ ಪದರವನ್ನು ಬಿಚ್ಚಿ ಹಾಕಿತ್ತು. ಒಳಗಿನ ಬಿಳಿ ಎಳೆಗಳು ಕಾಣುತ್ತಿದ್ದವು, ಅವುಗಳಲ್ಲೂ ಕೆಲವು ತುಂಡಾಗಿದ್ದವು. ಚಕ್ಕೆಗಳ ಜೊತೆ ನೀಲಿ ನೂಲು ತೇಲಿಕೊಂಡು ಕೆಳಗೆ ಹೋಗಿತ್ತು. ಮೇಲಿನ ಹಗ್ಗ ಗಟ್ಟಿಯಾಗಿ ಇತ್ತು, ಬೀಳುತ್ತಿರಲಿಲ್ಲ. ಆದರೂ ಕಾಲು ನಡುಗಿತು. ಇಳಿದು ಬಂದು ನೆಲದ ಮೇಲೆ ಸುಮ್ಮನೆ ಕೂತೆ.

ಆ ಹುಡುಗನಿಗೆ ಕೇಳಿದೆ, ‘ಹೇಳೋಕೆ ಹೆದರಿಕೆ ಆಗಲಿಲ್ವೇನೋ?’ ಅವನು ಅಂದ: ‘ತಪ್ಪಾದ್ರೆ ನಗ್ತಾರೆ ಅಷ್ಟೇ ಅಲ್ವಾ ಅಣ್ಣಾ. ದಿನಾ ನಗ್ತಾರೆ.’

ಆ ಹಗ್ಗವನ್ನು ಅವತ್ತೇ ತುಂಡು ತುಂಡು ಮಾಡಿದೆ, ಮತ್ತೆ ಯಾರೂ ತಪ್ಪಿ ಬಳಸದ ಹಾಗೆ. ಒಂದು ತುಂಡನ್ನು ಯಾರೋ ಆ ತಾತನ ಪ್ಯಾಂಟಿನ ಪಕ್ಕ ಕಟ್ಟಿದ್ದಾರೆ. ನನಗೆ ಹೊಸ ಹೆಸರೂ ಬಂತು. ಹುಡುಗ ಈಗ ನನ್ನ ಜೊತೆ ಹತ್ತುತ್ತಾನೆ. ನಾನು ಗರಗಸದ ದಾರ ಎಳೆಯುವ ಮೊದಲು ಪಕ್ಕದ ಕೊಂಬೆಯಿಂದ ತಪ್ಪದೆ ಕೇಳುತ್ತಾನೆ: ‘ಹತ್ತಿಯಣ್ಣಾ, ಎರಡನೇ ಹಗ್ಗ ಎಲ್ಲಿದೆ, ತೋರ್ಸು.’ ನಾನು ಬೈದುಕೊಂಡೇ ಎತ್ತಿ ತೋರಿಸುತ್ತೇನೆ.

ನಮಸ್ಕಾರ.