ಓದಿಸಿ ನೋಡಿ, ಆಮೇಲೆ ಕೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ. ಕಣ್ಣು ಕಾಣದ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವುದು ನನ್ನ ಕೆಲಸ. ನನಗೂ ಕಾಣುವುದಿಲ್ಲ. ಈ ಭಾಷಣವನ್ನು ಬ್ರೈಲ್ ಹಾಳೆ ಮೇಲೆ ಬೆರಳಾಡಿಸಿಕೊಂಡು ಓದುತ್ತಿದ್ದೇನೆ. ನಾಲ್ಕೇ ಹಾಳೆ, ಅಷ್ಟರಲ್ಲಿ ಮುಗಿಸಬೇಕು ಅಂತ ನಿಲಯದವರ ಅಪ್ಪಣೆ.

ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಪುಸ್ತಕ ಬದಿಗಿಟ್ಟ ಮೇಷ್ಟ್ರೊಬ್ಬರು ಈಗ ರೇಡಿಯೊ ಪಕ್ಕ ಕೂತಿರಬಹುದು. ಪಿಯುಸಿ ಓದುವ ಮಗಳಿಗೆ ಪಾಠ ಓದಿ ಓದಿ ಗಂಟಲು ಕಟ್ಟಿಕೊಂಡ ಅಮ್ಮನೂ ಇರಬಹುದು. ಇಬ್ಬರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ನಮ್ಮಂಥವರಿಗೇ ಅಂತ ಇರುವ ಲೈಬ್ರರಿಗೆ ಸೇರಬೇಕಾ, ಇಲ್ಲಾ ಎಲ್ಲರ ಹಾಗೆ ದುಡ್ಡು ಕೊಟ್ಟು ಇ-ಪುಸ್ತಕ ಕೊಳ್ಳಬೇಕಾ? ಮೊದಲು ಲೈಬ್ರರಿಯಲ್ಲಿ ಹುಡುಕಿ. ಅಲ್ಲಿ ಇಲ್ಲದಿದ್ದರೆ ಅಂಗಡಿಗೆ ಹೋಗಿ. ಆದರೆ ದುಡ್ಡು ಕೊಡುವ ಮುಂಚೆ ಫೋನಿನಿಂದ ಗಟ್ಟಿಯಾಗಿ ಓದಿಸಿ ನೋಡಿ. ಇದೊಂದನ್ನು ನೆನಪಿಟ್ಟುಕೊಂಡರೆ ರೇಡಿಯೊ ಆರಿಸಿದರೂ ನನಗೆ ಬೇಜಾರಿಲ್ಲ.

ಓದಿಸದೆ ಕೊಂಡು ನಾನು ಕೆಟ್ಟ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕನ್ನಡ ಕಾದಂಬರಿ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ಲೈಬ್ರರಿಗೆ ಅದಿನ್ನೂ ಬಂದಿರಲಿಲ್ಲ. ನನಗೋ ಆತುರ. ಒಂದು ಕಡೆ ಪಿಡಿಎಫ್ ಮಾರುತ್ತಿದ್ದರು, 150 ರೂಪಾಯಿ. ಕೊಂಡೆ. ಭಾನುವಾರ ಮಧ್ಯಾಹ್ನ, ಊಟ ಆಗಿತ್ತು. ಚಾಪೆ ಹಾಸಿಕೊಂಡು ಮಲಗಿ, ಫೋನನ್ನು ಎದೆ ಮೇಲಿಟ್ಟುಕೊಂಡು ಓದಲು ಬಿಟ್ಟೆ. ಫೋನು ಶುರು ಮಾಡಿತು: 'ಪಿ, ಎ, ಪೌಂಡ್, ಎ, ಕ್ಯೂ, ಎ...'

ಹಾಳಾಗಿರಬೇಕು ಅಂದುಕೊಂಡು ಮುಂದಿನ ಪುಟಕ್ಕೆ ಹೋದೆ. ಅಲ್ಲೂ ಪೌಂಡ್. ಹತ್ತನೇ ಪುಟದಲ್ಲೂ ಪೌಂಡ್. ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು. "ಏನ್ರೀ ಅದು, ಆಗಿಂದ ಪೌಂಡು ಪೌಂಡು ಅಂತಿದೆ? ಲಂಡನ್ನಿಂದ ದುಡ್ಡು ಬಂತಾ?" ಕೈ ಒರೆಸಿಕೊಂಡು ಬಂದು ನೋಡಿದಳು. "ಚೆನ್ನಾಗೇ ಇದೆಯಲ್ರೀ, ಮುತ್ತಿನಂಥ ಕನ್ನಡ" ಅಂದಳು. ಮಾರಿದವರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು. "ಸಾರ್, ನಮ್ಮ ಕಂಪ್ಯೂಟರಲ್ಲಿ ಚೆನ್ನಾಗಿ ಕಾಣ್ತಿದೆ." ಕಾಣುತ್ತದಪ್ಪಾ, ಕಾಣುವುದೇ ನನ್ನ ಕಷ್ಟ ಅಲ್ವಾ?

ಆಗಿದ್ದಿಷ್ಟು. ಕನ್ನಡದ ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಅದರದೇ ಸಂಕೇತ ಕೊಡುವ ಪದ್ಧತಿಗೆ ಯೂನಿಕೋಡ್ ಅಂತಾರೆ. ಆ ಪುಸ್ತಕವನ್ನು ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಇವತ್ತಿಗೂ ಡಿಟಿಪಿ ಮಾಡುವವರು ಅಂಥ ಫಾಂಟು ಬಳಸುತ್ತಾರೆ. ಅದು ಹೊರಗೆ ಕನ್ನಡದ ವೇಷ, ಒಳಗೆ ಇಂಗ್ಲಿಷ್. ಕಣ್ಣಿಗೆ 'ಕ' ಅಂತ ಕಾಣುವುದು ಒಳಗೆ 'ಪಿ' ಮತ್ತು ತಲೆ ಮೇಲೆ ಗೀಟಿರುವ 'ಎ'. ಕಣ್ಣಿಗೆ 'ನ' ಅಂತ ಕಾಣುವ ಕಡೆ ಒಳಗೆ ಕೂತಿರುವುದು ಬ್ರಿಟಿಷರ ಪೌಂಡಿನ ಗುರುತು. ಅಂದರೆ ಆ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೂ ಅದರೊಳಗೆ ಒಂದು ಪೌಂಡ್ ಇದೆ! ಕಣ್ಣಿದ್ದವರು ವೇಷ ಓದುತ್ತಾರೆ, ಫೋನು ಒಳಗಿರುವುದನ್ನು ಓದುತ್ತದೆ. ಇನ್ನು ಕೆಲವು ಪುಸ್ತಕ ಬರೀ ಪುಟದ ಫೋಟೊ. ಅದರಲ್ಲಿ ಪೌಂಡೂ ಇಲ್ಲ, ಫೋನು ಸುಮ್ನೆ ಇದ್ದುಬಿಡುತ್ತದೆ.

ಅದಕ್ಕೇ ಹೇಳುವುದು, ಓದಿಸಿ ನೋಡಿ. ಬಹಳಷ್ಟು ಇ-ಪುಸ್ತಕದ ಅಂಗಡಿಗಳಲ್ಲಿ ಮೊದಲ ಕೆಲವು ಪುಟ ಪುಕ್ಕಟೆ ಸಿಗುತ್ತದೆ. ಪರದೆ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅನ್ನು ಫೋನಿನಲ್ಲಿ ಹಾಕಿ ಎರಡು ಪುಟ ಕೇಳಿ. ಒಂದನೇ ಪುಟ ಮುಗಿದ ಮೇಲೆ ತಾನಾಗಿ ಎರಡನೆಯದಕ್ಕೆ ಹೋಗುತ್ತದಾ ಅಂತಲೂ ನೋಡಿ. ಪ್ರತಿ ಪುಟಕ್ಕೂ ಎದ್ದು ಬೆರಳು ಸವರಬೇಕಾದರೆ ಅದೇನು ಓದು?

ಬೆರಳ ಕೆಳಗೆ ಈಗ ಕೊನೆಯ ಹಾಳೆ. ಕಥೆಗೇ ಮೂರು ಹಾಳೆ ಹೋಯಿತು.

ಲೈಬ್ರರಿ ವಿಷಯ ಬೇಗ ಹೇಳಿಬಿಡುತ್ತೇನೆ. ಅದರ ಹೆಸರು ಸುಗಮ್ಯ ಪುಸ್ತಕಾಲಯ. ಕೇಂದ್ರ ಸರ್ಕಾರ ಮತ್ತು ನಮ್ಮಂಥವರಿಗೆ ಪುಸ್ತಕ ಒದಗಿಸುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾ ಸೇರಿ 2016ರಲ್ಲಿ ಶುರು ಮಾಡಿದ್ದು. ಪೂರ್ತಿ ಆನ್‌ಲೈನ್, ಓದುಗರಿಗೆ ಉಚಿತ. ಕಣ್ಣು ಕಾಣದವರಿಗಷ್ಟೇ ಅಲ್ಲ, ಕೈಯಲ್ಲಿ ಪುಸ್ತಕ ಹಿಡಿಯಲಾಗದವರಿಗೂ ಅದು ಇದೆ. ಅಂಗವಿಕಲತೆಯ ಪ್ರಮಾಣಪತ್ರ ತೆಗೆದಿಟ್ಟುಕೊಂಡು ನೋಂದಾಯಿಸಿಕೊಳ್ಳಿ. ಅಲ್ಲಿನ ಪುಸ್ತಕ ನಮಗೆ ಓದಲಿಕ್ಕೆಂದೇ ಮಾಡಿದ್ದು. ಡೈಸಿ ಅನ್ನುವ ರೂಪದಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು, ಬೇಕಾದ ಪುಟಕ್ಕೇ ಹೋಗಬಹುದು. ಅಮ್ಮಾ, ಇದು ನಿಮಗೆ. ತರಗತಿಯಲ್ಲಿ 84ನೇ ಪುಟ ತೆಗೀರಿ ಅಂದಾಗ ನಿಮ್ಮ ಮಗಳೂ ತೆಗೆಯಬೇಕು ತಾನೆ?

ಇದು ಕಳ್ಳ ಪ್ರತಿ ಅಲ್ವಾ ಅಂತ ಕೆಲವರಿಗೆ ಅಳುಕು. ಅಲ್ಲವೇ ಅಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಗಿದೆ. ನಮಗೋಸ್ಕರ, ಲಾಭ ಮಾಡಿಕೊಳ್ಳದೆ ಪುಸ್ತಕದ ರೂಪ ಬದಲಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ. ಇಂಥ ಪುಸ್ತಕಗಳು ದೇಶದಿಂದ ದೇಶಕ್ಕೆ ಹೋಗಲು 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು. ಅದನ್ನು ಮೊದಲು ಅನುಮೋದಿಸಿದ ದೇಶ ನಮ್ಮದೇ, 2014ರಲ್ಲಿ.

ಅಂಗಡಿಗೂ ಹೋಗಬೇಕಾಗುತ್ತದೆ. ಈ ತಿಂಗಳು ಬಂದ ಪುಸ್ತಕ ಈ ತಿಂಗಳೇ ಬೇಕು ಅಂದರೆ ಬೇರೆ ದಾರಿ ಇಲ್ಲ. ಇಂಗ್ಲಿಷಿನಲ್ಲಿ ಅದು ಸಲೀಸು. ಕನ್ನಡದಲ್ಲಿ ಹಾಗಲ್ಲ. 2016ರ ಕೊನೆಯಲ್ಲಿ ಅಮೆಜಾನ್‌ನವರ ಇ-ಪುಸ್ತಕದ ಅಂಗಡಿ ಕಿಂಡಲ್ ನಮ್ಮ ದೇಶದ ಐದು ಭಾಷೆಗಳ ಪುಸ್ತಕ ಮಾರಲು ಹೊರಟಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಕನ್ನಡ ಹೊರಗೇ ನಿಂತಿತು. ಈ ಮಾತು ಹತ್ತಿದರೆ ನನಗೆ ಇನ್ನೂ ನಾಲ್ಕು ಹಾಳೆ ಬೇಕು, ಬಿಡಿ.

ಆ 150 ರೂಪಾಯಿ ವಾಪಸ್ ಬರಲಿಲ್ಲ. ಫೈಲನ್ನು ಮಾತ್ರ ನಾನು ಅಳಿಸಿಲ್ಲ. ಹೊಸ ಮಕ್ಕಳು ಸೇರಿದ ಮೊದಲ ದಿನ ತರಗತಿಯಲ್ಲಿ ಅದನ್ನೇ ಹಾಕುತ್ತೇನೆ. ಮೂರನೇ ಪೌಂಡಿಗೆಲ್ಲ ಮಕ್ಕಳು ನಗಲು ಶುರು ಮಾಡುತ್ತಾರೆ. ನಮಸ್ಕಾರ.