ಪೋವಿಸ್ ಕೋಟೆಯ ತೋಟದಲ್ಲಿ ಒಂದು ಸುತ್ತು

ಎಲ್ಲರಿಗೂ ನಮಸ್ಕಾರ.

ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದು, ಬೇಸಿಗೆಗೆ ಅಲ್ಲಿಗೆ ಹೋಗಿಬರುವವರು ಈ ಸಭೆಯಲ್ಲೂ ಒಂದಿಷ್ಟು ಜನ ಇರಬಹುದು. ಲಂಡನ್, ಬಾತ್, ಸ್ಟೋನ್‌ಹೆಂಜ್ ಎಲ್ಲ ನೋಡಿ ಮುಗಿದಿರುತ್ತೆ. ಇನ್ನೊಮ್ಮೆ ಹೋದಾಗ ಒಂದು ದಿನ ವೇಲ್ಸ್‌ಗೆ ಮೀಸಲಿಡಿ. ಶ್ರೂಸ್‌ಬರಿಯಿಂದ ಅಬರಿಸ್ಟ್‌ವಿತ್ ಕಡೆ ಹೋಗುವ ರೈಲಿನಲ್ಲಿ ವೆಲ್ಷ್‌ಪೂಲ್ ಅಂತ ಒಂದು ಸಣ್ಣ ಊರು ಬರುತ್ತೆ. ಅಲ್ಲಿ ಇಳಿದು, ಪೇಟೆ ದಾಟಿ, ಜಿಂಕೆಗಳು ಮೇಯುವ ಬಯಲಿನ ಏರು ಹತ್ತಿದರೆ ಪೋವಿಸ್ ಕೋಟೆ. ಕೆಂಪು ಕಲ್ಲಿನದು. ವೇಲ್ಸ್‌ನ ಒಬ್ಬ ರಾಜ 13ನೇ ಶತಮಾನದಲ್ಲಿ ಕಟ್ಟಿಸಿದ್ದು, 1587ರಲ್ಲಿ ಹರ್ಬರ್ಟ್ ಮನೆತನದವರು ಕೊಂಡುಕೊಂಡರು. ಕೋಟೆಯ ಕಥೆ ಇಷ್ಟು ಸಾಕು. ನಾನು ಹೇಳಬೇಕೆಂದಿರುವುದು ತೋಟದ ವಿಷಯ.

ಕೋಟೆ ಇರುವುದು ಕಡಿದಾದ ಬಂಡೆಯ ನೆತ್ತಿಯ ಮೇಲೆ. ತೋಟ ಮಾಡಲು ಸಮ ಜಾಗವೇ ಇಲ್ಲ. ಹಾಗಾಗಿ 17ನೇ ಶತಮಾನದ ಕೊನೆಯಲ್ಲಿ ಬಂಡೆಯನ್ನೇ ಕಡಿದು, ಒಂದರ ಕೆಳಗೊಂದು ಉದ್ದುದ್ದ ಜಗಲಿಗಳನ್ನು ಮಾಡಿದರು. ಒಂದೊಂದಕ್ಕೂ ಹಿಂದೆ ಇಟ್ಟಿಗೆಯ ಎತ್ತರದ ಗೋಡೆ. ಈ ಗೋಡೆಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಿಸಿ ಬಿಡುತ್ತವೆ. ಆ ಚಳಿ ದೇಶದಲ್ಲಿ ಬೇರೆಡೆ ಹೊರಗೆ ಬದುಕದ ಗಿಡಗಳೂ ಇಲ್ಲಿ ಗೋಡೆಗೆ ಒರಗಿಕೊಂಡು ಬದುಕುತ್ತವೆ. ಒಂದು ಜಗಲಿಯ ಮೇಲೆ ಹಕ್ಕಿ ಸಾಕುತ್ತಿದ್ದ ಕಮಾನು ಮನೆ, ಅದರ ಮೇಲಂಚಿನಲ್ಲಿ ಕುಣಿಯುವ ಕುರುಬರು, ಕುರುಬಗಿತ್ತಿಯರು. ಕಲ್ಲಿನವು ಅಂದುಕೊಳ್ಳುತ್ತೀರಿ, ಅಲ್ಲ, ಸೀಸದಲ್ಲಿ ಎರಕ ಹೊಯ್ದವು. ಅದರ ಕೆಳಗಿನ ಜಗಲಿಯಲ್ಲಿ, ಕಿತ್ತಳೆ ಕುಂಡಗಳನ್ನು ಚಳಿಗಾಲದಲ್ಲಿ ಒಳಗಿಡಲೆಂದೇ ಕಟ್ಟಿದ ಮನೆ.

ಆದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಯೂ ಮರಗಳು. ಸೂಜಿಯೆಲೆಯ, ಕಪ್ಪು ಹಸಿರಿನ ಮರ. ಮೊದಲು ನೆಟ್ಟಾಗ ಇವನ್ನು ಮೊನಚು ಗೋಪುರದಂತೆ ಪುಟ್ಟದಾಗಿ ಕತ್ತರಿಸಿ ಇಟ್ಟಿದ್ದರು. ಆಮೇಲೆ ಆ ಫ್ಯಾಷನ್ ಹೋಯಿತು. ಸವರುವವರಿಲ್ಲದೆ ಮರಗಳು ಬೆಳೆದೇ ಬೆಳೆದವು. ಮತ್ತೆ ಕತ್ತರಿ ಹಿಡಿಯುವ ಹೊತ್ತಿಗೆ ಅವಕ್ಕೆ ತಮ್ಮದೇ ಆಕಾರ ಬಂದಿತ್ತು. ಈಗ ನೋಡಿದರೆ ಹಸಿರು ಲಾವಾರಸ ಗೋಡೆ ಮೇಲಿಂದ ಉಕ್ಕಿ, ಅರ್ಧದಲ್ಲೇ ಹೆಪ್ಪುಗಟ್ಟಿದ ಹಾಗಿದೆ. ಹತ್ತಿರ ಹೋಗಿ ನೋಡಿ. ಹೊರಗೆ ನುಣ್ಣಗೆ, ಬಿಗಿಯಾಗಿ ಕಾಣುವ ಪೊದೆಯೊಳಗೆ ಮನುಷ್ಯ ನಿಲ್ಲುವಷ್ಟು ಜಾಗ. ಕೆಂಚು ತೊಗಟೆಯ ದಪ್ಪ ಕೊಂಬೆಗಳು, ಕತ್ತಲು, ನೆಲದಲ್ಲಿ ಒಣ ಸೂಜಿಯೆಲೆ. ಹಸಿರೆಲ್ಲ ಹೊರಗಿನ ಪದರದಲ್ಲೇ. ಯೂ ಮರದ ಗುಣವೇ ಅದು. ಎಷ್ಟು ಕಡಿದರೂ ಹಳೇ ಕಟ್ಟಿಗೆಯಿಂದಲೇ ಮತ್ತೆ ಚಿಗುರುತ್ತದೆ. ಹಾಗೇ ವಿಷದ ಮರ, ದನ ತಿಂದರೆ ಸಾಯುತ್ತದೆ. ಬೇಸಿಗೆ ಮುಗಿಯುತ್ತಿದ್ದಂತೆ ತೋಟದವರು ಯಂತ್ರದ ತೊಟ್ಟಿಲಲ್ಲಿ ಮೇಲೇರಿ ವಾರಗಟ್ಟಲೆ ಸವರುತ್ತಾರೆ. ಆ ಹೊತ್ತಿಗೆ ಹೋದರೆ ಸುಮ್ನೆ ನಿಂತು ಸ್ವಲ್ಪ ಹೊತ್ತು ನೋಡಿ. ಹೂವಿಗಿಂತ ಅದೇ ಚೆನ್ನಾಗಿರುತ್ತೆ ಅಂತ ನನ್ನ ಅಭಿಪ್ರಾಯ.

ಈಗ ಒಂದು ಪ್ರಶ್ನೆ. ಇಂಥ ಜಗಲಿ ತೋಟಗಳು ಆ ಕಾಲದಲ್ಲಿ ಬ್ರಿಟನ್ನಿನ ಎಷ್ಟೋ ದೊಡ್ಡ ಮನೆಗಳಿಗೆ ಇದ್ದವು. 18ನೇ ಶತಮಾನದಲ್ಲಿ ಅಲ್ಲಿನ ಶ್ರೀಮಂತರಿಗೆ ಹೊಸ ಹುಚ್ಚು ಹಿಡಿಯಿತು. ಗೆರೆ ಎಳೆದಂಥ ತೋಟ ಬೇಡ, ಹುಲ್ಲುಗಾವಲು, ಕೆರೆ, ಅಲ್ಲೊಂದು ಇಲ್ಲೊಂದು ಮರ ಸಾಕು ಅಂತ ಎಲ್ಲವನ್ನೂ ಕೆಡವಿದರು. ಪೋವಿಸ್ ಹೇಗೆ ಉಳಿಯಿತು? ಯಾರೋ ಪ್ರೀತಿಯಿಂದ ಕಾಪಾಡಿದರು ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತೆ. ನಾನು ತಿಳಿದುಕೊಂಡಿರುವಂತೆ ಅದನ್ನು ಉಳಿಸಿದ್ದು ಎರಡು, ಮೊದಲು ಅಸಡ್ಡೆ, ಆಮೇಲೆ ದುಡ್ಡು.

ಅಸಡ್ಡೆ ಹೇಗಿತ್ತೆಂದರೆ, 1784ರಲ್ಲಿ ಜಾನ್ ಬೈಂಗ್ ಎಂಬ ಪ್ರವಾಸಿ ಬಂದಾಗ ಕಟಾಂಜನ ಕುಸಿಯುತ್ತಿತ್ತು, ಹೂವಿನ ಮಡಿಗಳಲ್ಲಿ ಕುದುರೆ ಮೇಯುತ್ತಿದ್ದವು. ಅವನಿಗೆ ಅಸಹ್ಯವಾಯಿತು. ಬಂಡೆಯಲ್ಲಿ ಕೊರೆದ ತೋಟವನ್ನು ಕೆಡವಿ ಹೊಸದು ಮಾಡುವುದಕ್ಕೂ ಖರ್ಚಿದೆ, ಅಲ್ವಾ?

ದುಡ್ಡು ಬಂದಿದ್ದು ಅದೇ ವರ್ಷ, ಒಂದು ಮದುವೆಯಿಂದ. ಹರ್ಬರ್ಟ್ ಮನೆಯ ಹೆನ್ರಿಯೆಟಾಳನ್ನು ಎಡ್ವರ್ಡ್ ಕ್ಲೈವ್ ಮದುವೆಯಾದ. ಹೌದು, ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮಗ. ಅಪ್ಪ ಬಂಗಾಳದಿಂದ ಹೊತ್ತು ತಂದ ಸಂಪತ್ತು ಮಗನ ಕೈಯಲ್ಲಿತ್ತು. ಎಡ್ವರ್ಡ್ 1798ರಲ್ಲಿ ಮದರಾಸಿನ ಗವರ್ನರ್ ಆದ. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸಿಂಹಾಸನದ ಅಂಚಿನಲ್ಲಿದ್ದ ಚಿನ್ನದ ಪುಟ್ಟ ಹುಲಿತಲೆಗಳಲ್ಲಿ ಒಂದು ಹೆನ್ರಿಯೆಟಾ ಕೈ ಸೇರಿತು. ಈಗ ಪೋವಿಸ್ ಕೋಟೆಯೊಳಗಿದೆ. ಟಿಪ್ಪುವಿನ ಡೇರೆಯೂ ಅಲ್ಲೇ ಇದೆ. ಬಿಳಿ ಹತ್ತಿ ಬಟ್ಟೆ, ಅದರ ತುಂಬ ಹೂದಾನಿ, ಹೂದಾನಿಯ ತುಂಬ ಕೆಂಪು ಹೂ, ಹಸಿರು ಎಲೆ. ಕ್ಲೈವ್ ಮನೆಯವರು ಅದನ್ನು ಏನು ಮಾಡಿದರು ಗೊತ್ತಾ? ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡಿಕೊಂಡರು. ಸುಲ್ತಾನನ ಡೇರೆಯ ಕೆಳಗೆ ಟೀ ಕಪ್ಪು! ನನಗೆ ಸಿಟ್ಟೂ ಬರುತ್ತೆ, ನಗೂ ಬರುತ್ತೆ.

ಹೆನ್ರಿಯೆಟಾ ಬಗ್ಗೆ ಮಾತ್ರ ನನಗೆ ಸ್ವಲ್ಪ ಅಕ್ಕರೆ. 1800ರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಹೊರಟಳು. ಆನೆ, ಎತ್ತು, ಒಂಟೆಗಳ ದೊಡ್ಡ ದಂಡು. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು, ಕೊಯಮತ್ತೂರು, ತಂಜಾವೂರು ಸುತ್ತಿ ತಿಂಗಳುಗಳ ಮೇಲೆ ವಾಪಸಾದಳು. ದಾರಿಯುದ್ದಕ್ಕೂ ಗಿಡ, ಕಲ್ಲು ಕೂಡಿಸುತ್ತಿದ್ದಳು. ಹನ್ನೆರಡು ವರ್ಷದ ಕಿರಿಮಗಳು ಷಾರ್ಲೆಟ್ ದಿನಚರಿ ಬರೆದಳು. ಈ ಹುಡುಗಿ ದೊಡ್ಡವಳಾಗಿ ನಾರ್ತಂಬರ್ಲೆಂಡಿನ ಡಚೆಸ್ ಆದಳು. ಅವಳ ಸಯನ್ ಹೌಸ್ ತೋಟದಲ್ಲಿ ದಕ್ಷಿಣ ಆಫ್ರಿಕಾದ ಒಂದು ಗಿಡ ಹೂಬಿಟ್ಟಾಗ, 1828ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅದಕ್ಕೆ ಅವಳ ತವರಿನ ಹೆಸರಿಟ್ಟ. ಅದೇ ಕ್ಲೈವಿಯಾ. ನರ್ಸರಿಗಳಲ್ಲಿ ಕಿತ್ತಳೆ ಬಣ್ಣದ ಹೂ ಗೊಂಚಲು ನೋಡಿದ್ದೀರಲ್ಲ, ಅದು ಈ ಜಾತಿಯದೇ.

20ನೇ ಶತಮಾನದ ಮೊದಲಿಗೆ ಇನ್ನೊಬ್ಬಳು ಬಂದಳು, ಕೋಟೆಯ ಆಗಿನ ಯಜಮಾನನ ಹೆಂಡತಿ ಲೇಡಿ ವಯಲೆಟ್. ತರಕಾರಿ ತೋಟವನ್ನು ಮರೆಮಾಡಿದ್ದ ಎಲ್ಮ್ ಮರಗಳು ಬಿರುಗಾಳಿಗೆ ಉರುಳಿ, ಜಗಲಿಯಿಂದ ಹಳೇ ಗಾಜಿನ ಮನೆಗಳೆಲ್ಲ ಕಾಣತೊಡಗಿದವು. ಆಕೆ ಅವನ್ನೆಲ್ಲ ಎತ್ತಿಸಿ, ಹುಲ್ಲುಹಾಸು ಹಾಕಿಸಿ, ಸೇಬಿನ ಮರಗಳನ್ನು ಸಾಲಾಗಿ ಬೆಳೆಸಿದಳು. ಆ ಮನೆಯ ಹಿರಿಮಗ 1916ರಲ್ಲಿ ಯುದ್ಧದಲ್ಲಿ ತೀರಿಕೊಂಡ, ಇನ್ನೊಬ್ಬ 1943ರಲ್ಲಿ ವಿಮಾನ ಅಪಘಾತದಲ್ಲಿ. ಅವರ ತಂದೆ 1952ರಲ್ಲಿ ಸತ್ತಾಗ ಕೋಟೆ, ತೋಟ ಹಳೇ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋಯಿತು.

ಕೊನೆಗೆ ನಡೆಯುವ ದಾರಿ. ಹೆಚ್ಚಿನವರು ಜಗಲಿಗಳನ್ನು ಹತ್ತಿಳಿದು, ಚಹಾ ಕುಡಿದು ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಕೆಳಗಿನ ದೊಡ್ಡ ಹುಲ್ಲುಹಾಸಿನ ಆಚೆ ಎದುರು ದಿಬ್ಬದಲ್ಲಿ ಒಂದು ಕಾಡಿದೆ. ಜಗಲಿಗಳ ಮಣ್ಣು ಸುಣ್ಣದ ಅಂಶದ್ದು, ಈ ದಿಬ್ಬದ ಮಣ್ಣು ಹುಳಿ. ಹಾಗಾಗಿ ಅಲ್ಲಿ ಬಾರದ ರೋಡೋಡೆಂಡ್ರನ್, ಅಜೇಲಿಯಾ ಇಲ್ಲಿ ಓಕ್ ಮರಗಳ ನೆರಳಲ್ಲಿ ಸೊಂಪಾಗಿವೆ. ಮೇ ತಿಂಗಳಲ್ಲಿ ಹೋದರೆ ಹೂವಿನದೇ ರಾಜ್ಯ. ಮಕ್ಕಳಿದ್ದರೆ ಪೊದೆಗಳ ನಡುವೆ ಕಲ್ಲಿನ ಒಂದು ದೊಡ್ಡ ಪಾದವಿದೆ, ಹುಡುಕೋಕೆ ಹೇಳಿ. ಇಡೀ ತೋಟ ಒಟ್ಟಿಗೆ ಕಾಣುವುದೂ ಈ ಕಾಡಿನ ಸಂದಿಯಿಂದಲೇ. ಕೋಟೆ, ಅದರ ಕೆಳಗೆ ಯೂ ಮರಗಳು, ಅದರ ಕೆಳಗೆ ಜಗಲಿ ಜಗಲಿಯಾಗಿ ಇಳಿದು ಬರುವ ಹೂವು.

ನನ್ನನ್ನು ಕೇಳಿದರೆ ಕಾಡಿನಿಂದಲೇ ಶುರು ಮಾಡಿ. ಜಗಲಿಗಳ ಮುಖ ಆಗ್ನೇಯಕ್ಕೆ, ಬೆಳಗಿನ ಬಿಸಿಲು ನೇರ ಅವುಗಳ ಮೇಲೆ ಬೀಳುತ್ತೆ. ಮಧ್ಯಾಹ್ನ ಜಗಲಿಗೆ ಬನ್ನಿ, ಡೇರೆ, ಹುಲಿತಲೆ ಆಮೇಲೆ ನೋಡಿದರಾಯಿತು. ಮಂಡಿನೋವು ಇರುವವರು ಮೇಲಿಂದ ಕೆಳಗೆ ಒಂದೇ ಸಲ ಇಳಿಯುವ ಹಾಗೆ ನೋಡಿಕೊಳ್ಳಿ, ಮೆಟ್ಟಿಲು ಜಾಸ್ತಿ. ಹಿಡಿತ ಇರುವ ಶೂ ಹಾಕಿಕೊಳ್ಳಿ. ಛತ್ರಿ ಅಂತೂ ಬೇಕೇ ಬೇಕು, ಅದು ವೇಲ್ಸ್.