ಬೇರೆಯವರು ಕಟ್ಟಿದ ವಿಮಾನ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲೇ ವಿಮಾನ ಕಟ್ಟುವವರು ಪ್ರಪಂಚದಲ್ಲಿ ಸಾವಿರಾರು ಜನ ಇದ್ದಾರೆ. ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿ ಮೇಲೆ ಒಂದು ವಿಮಾನ ಕಟ್ಟಿದರು. ಕಚೇರಿಗಳಿಗೆ ವರ್ಷಗಟ್ಟಲೆ ಓಡಾಡಿದ ಮೇಲೆ 2017ರಲ್ಲಿ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಅದನ್ನು ನೋಂದಾಯಿಸಿತು. ಕೇರಳ ಮೂಲದ ಅಶೋಕ್ ತಾಮರಾಕ್ಷನ್ ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬಿಡಿಭಾಗಗಳ ಕಿಟ್ ತರಿಸಿ, ನಾಲ್ಕು ಸೀಟಿನ ಸ್ಲಿಂಗ್ ವಿಮಾನ ಜೋಡಿಸಿ, ಅದರಲ್ಲಿ ಯುರೋಪ್ ಸುತ್ತಿದರು. ನಮ್ಮ ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಕಿಟ್‌ಗಳು ಹೊರದೇಶಗಳಿಗೆ ಹೋಗಿ, ಅಲ್ಲಿನ ಗ್ಯಾರೇಜುಗಳಲ್ಲಿ ವಿಮಾನಗಳಾಗಿವೆ.

ಕಟ್ಟಿದವರ ಕಥೆ ಪತ್ರಿಕೆಯಲ್ಲಿ ಬರುತ್ತದೆ. ಫೋಟೊ ಬರುತ್ತದೆ. ಆಮೇಲೆ ಆ ವಿಮಾನ ಏನಾಗುತ್ತದೆ? ಕಟ್ಟಿದವರಿಗೆ ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ, ಮಕ್ಕಳಿಗೆ ಹಾರಾಟದ ಆಸೆ ಇರುವುದಿಲ್ಲ. ಮಾರುತ್ತಾರೆ. ಎರಡನೆಯ ಮಾಲೀಕ ಬರುತ್ತಾನೆ. ಇವತ್ತು ನನ್ನ ಮಾತೆಲ್ಲ ಆ ಎರಡನೆಯ ಮಾಲೀಕನ ಬಗ್ಗೆ.

ಹಾಸನದಲ್ಲಿ ಕೂತು ಇದನ್ನು ಯಾಕೆ ಹೇಳಬೇಕು ಅಂತ ಕೆಲವರಿಗೆ ಅನ್ನಿಸಬಹುದು. ನಾನು ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ರಿಪೇರಿ ಕೆಲಸ ಮಾಡಿ, ಈಗ ಊರಿಗೆ ಬಂದು ನೆಲೆಸಿದವನು. ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಶುರುವಾದಾಗಿನಿಂದ ಇಲ್ಲಿನ ಹುಡುಗರು ಬಂದು ಇಂಥದ್ದನ್ನೇ ಕೇಳುತ್ತಾರೆ. ಹೊರಗೆ ಹೋದವರು ಫೋನ್ ಮಾಡುತ್ತಾರೆ. ಸಕಲೇಶಪುರದ ಕಡೆ ತೋಟದ ಮನೆಯ ಒಬ್ಬ ಹುಡುಗ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದಾನೆ. "ಮಾಮ, ಒಂದು ಆರ್‌ವಿ-6 ಮಾರಾಟಕ್ಕಿದೆ, ತಗೊಳ್ಳಲಾ?" ಅಂದ. ಆರ್‌ವಿ-6 ಅಂದರೆ ಅಕ್ಕಪಕ್ಕ ಇಬ್ಬರು ಕೂರುವ, ಅಲ್ಯೂಮಿನಿಯಂ ತಗಡಿನ, ಬಾಲದಲ್ಲಿ ಪುಟ್ಟ ಚಕ್ರ ಇರುವ ವಿಮಾನ.

ನಾನು ಎಂಜಿನ್ ವಿಚಾರ ಎತ್ತುವ ಮೊದಲು "ಗ್ರೀನ್ ಕಾರ್ಡ್ ಬಂತೇನೋ?" ಎಂದು ಕೇಳಿದೆ. ಅಮೆರಿಕದಲ್ಲಿ ವಿಮಾನ ಯಾರ ಹೆಸರಿಗೆ ಆಗಬೇಕೋ ಅವರು ಅಲ್ಲಿನ ನಾಗರಿಕರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಕೆಲಸದ ವೀಸಾ ಮೇಲೆ ಇರುವವರ ಹೆಸರಿಗೆ ನೇರವಾಗಿ ನೋಂದಣಿ ಆಗುವುದಿಲ್ಲ. ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದರೆ ಏನು ಪ್ರಯೋಜನ? ಅವನಿಗೆ ಗ್ರೀನ್ ಕಾರ್ಡ್ ಬಂದಿತ್ತು. ಹಾಗಾದರೆ ಮುಂದಿನ ಮಾತು ಆಡೋಣ ಅಂದೆ.

ಕಾಗದಗಳ ವಿಚಾರದಲ್ಲಿ ಒಂದು ಸಂಗತಿ ಎಲ್ಲ ದೇಶಕ್ಕೂ ಒಂದೇ. ಲಾರಿಗೆ ಆರ್‌ಸಿ ಬೇರೆ, ಎಫ್‌ಸಿ ಬೇರೆ, ಅಲ್ವಾ? ವಿಮಾನಕ್ಕೂ ಹಾಗೇ. ನೋಂದಣಿ ಪತ್ರ ಇದು ಯಾರದ್ದು ಎಂದು ಹೇಳುತ್ತದೆ. ಹಾರಲು ಯೋಗ್ಯವೇ ಎಂದು ಹೇಳುವ ಕಾಗದವೇ ಬೇರೆ. ಮೊದಲನೆಯದು ಕೈಗೆ ಬಂದ ಕೂಡಲೇ ಹಾರಬಹುದು ಎಂದುಕೊಳ್ಳುವವರು ಇದ್ದಾರೆ. ಹಾಗಲ್ಲ.

ಅಮೆರಿಕದಲ್ಲಿ ಇಂಥ ವಿಮಾನವನ್ನು ಪ್ರಾಯೋಗಿಕ ವರ್ಗಕ್ಕೆ ಸೇರಿಸುತ್ತಾರೆ. ಕೆಲಸದ ಅರ್ಧಕ್ಕಿಂತ ಜಾಸ್ತಿ ಪಾಲನ್ನು ಹವ್ಯಾಸಕ್ಕಾಗಿ, ಕಲಿಕೆಗಾಗಿ ಕಟ್ಟಿದವರೇ ಮಾಡಿರಬೇಕು. ಆಗ ಆ ವಿಮಾನಕ್ಕೆ ಒಂದು ಷರತ್ತು ಪತ್ರ ಕೊಡುತ್ತಾರೆ. ಎಲ್ಲಿ ಹಾರಬಹುದು, ಹೇಗೆ ಹಾರಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಅದು ಸದಾ ವಿಮಾನದೊಳಗೇ ಇರಬೇಕು. ಕೊಳ್ಳುವಾಗ ಆ ಹಾಳೆ ಕೈಗೆ ಬರದಿದ್ದರೆ ವ್ಯವಹಾರ ಅಲ್ಲೇ ನಿಲ್ಲಿಸಬೇಕು. ವಿಮಾನದ ಮೇಲೆ ಸಾಲ ಇದೆಯೇ ಎಂಬುದನ್ನು ಒಕ್ಲಹೋಮ ಸಿಟಿಯಲ್ಲಿರುವ ನೋಂದಣಿ ಕಚೇರಿಯ ದಾಖಲೆಯಲ್ಲಿ ಹುಡುಕಿಸಬಹುದು. ಮೈಗೆ ಬಡಿದಿರುವ ಲೋಹದ ಫಲಕದ ಸೀರಿಯಲ್ ನಂಬರು, ನೋಂದಣಿ ಪತ್ರದ ನಂಬರು, ಲಾಗ್‌ಬುಕ್ಕಿನ ನಂಬರು, ಮೂರೂ ಒಂದೇ ಇರಬೇಕು.

ನಮ್ಮ ದೇಶದಲ್ಲಿ ವಿಮಾನದ ಮೈಮೇಲೆ ಭಾರತದ ಗುರುತಾದ ವಿಟಿ ಅಕ್ಷರಗಳು ಬರಬೇಕು, ಅರ್ಜಿ ಡಿಜಿಸಿಎಗೆ ಹೋಗಬೇಕು. ಮಾಲೀಕ ಬದಲಾದರೆ ಹಳೆಯ ಹೆಸರಿನ ಪತ್ರ ಇಟ್ಟುಕೊಂಡು ಹಾರುವಂತಿಲ್ಲ. ಹೊರದೇಶದಿಂದ ತರುವವರು ಇನ್ನೊಂದು ಗಮನಿಸಬೇಕು. 1944ರ ಷಿಕಾಗೊ ಒಪ್ಪಂದದ ಪ್ರಕಾರ ಒಂದು ವಿಮಾನ ಎರಡು ದೇಶದಲ್ಲಿ ನೋಂದಣಿಯಾಗಿ ಇರುವಂತಿಲ್ಲ. ಅಲ್ಲಿ ಹೆಸರು ತೆಗೆಸಿದ ಕಾಗದ ಬಂದ ಮೇಲೇ ಇಲ್ಲಿ ಕೆಲಸ ಶುರು. ಹವ್ಯಾಸಿಗಳು ಕಟ್ಟಿದ ವಿಮಾನ ನಮ್ಮಲ್ಲಿ ತೀರಾ ಅಪರೂಪ. ಆದ್ದರಿಂದ ಮುಂಗಡ ಕೊಡುವ ಮೊದಲೇ ಡಿಜಿಸಿಎಯ ಬೆಂಗಳೂರು ಕಚೇರಿಗೆ ಹೋಗಿ ಮಾತಾಡಿ ಬನ್ನಿ.

ಕಾಗದದಲ್ಲಿ ನನಗೆ ತುಂಬ ಮುಖ್ಯವಾಗಿ ಕಾಣುವ ಒಂದು ಕಾಲಂ ಇದೆ, ತಯಾರಕರ ಹೆಸರು. ಕಾರ್ಖಾನೆಯಲ್ಲಿ ತಯಾರಾದ ಸೆಸ್ನಾ ವಿಮಾನವಾದರೆ ಅಲ್ಲಿ ಕಂಪನಿಯ ಹೆಸರಿರುತ್ತದೆ. ಮನೆಯಲ್ಲಿ ಕಟ್ಟಿದ್ದಾದರೆ ಅಲ್ಲಿ ಕಟ್ಟಿದ ಮನುಷ್ಯನ ಹೆಸರಿರುತ್ತದೆ. ನೀವು ಕೊಂಡರೂ ಆ ಹೆಸರು ಬದಲಾಗುವುದಿಲ್ಲ. ಅಮೆರಿಕದಲ್ಲಿ ಕಟ್ಟಿದವರು ಒಂದು ರಿಪೇರಿಗಾರರ ಪತ್ರ ಪಡೆದಿರುತ್ತಾರೆ. ಅದಿದ್ದರೆ ವರ್ಷಕ್ಕೊಮ್ಮೆ ಮಾಡಬೇಕಾದ ತಪಾಸಣೆಗೆ ಅವರೇ ಸಹಿ ಹಾಕಬಹುದು. ಕೊಂಡ ಮಾತ್ರಕ್ಕೆ ಆ ಹಕ್ಕು ಎರಡನೆಯ ಮಾಲೀಕನಿಗೆ ಬರುವುದಿಲ್ಲ. ತಪಾಸಣೆ ಮಾಡುವ ಅರ್ಹತಾ ಪತ್ರ ತನ್ನ ಹತ್ತಿರ ಇಲ್ಲದಿದ್ದರೆ ಅವನು ಲೈಸೆನ್ಸ್ ಇರುವ ಮೆಕ್ಯಾನಿಕ್‌ನ ಹತ್ತಿರ ಹೋಗಬೇಕು. ಈ ನಿಯಮ ನನಗೆ ಬಹಳ ಸರಿ ಅನ್ನಿಸುತ್ತದೆ. ಒಳಗೆ ಏನು ಎಲ್ಲಿದೆ, ಯಾಕೆ ಹಾಗಿದೆ ಎಂಬುದು ಕಟ್ಟಿದವರ ತಲೆಯಲ್ಲಿ ಇರುತ್ತದೆ. ಅದನ್ನು ಯಾವ ಕ್ರಯಪತ್ರವೂ ವರ್ಗ ಮಾಡುವುದಿಲ್ಲ.

ಇದಕ್ಕೆ 1997ರ ಒಂದು ಘಟನೆ ಹೇಳಲೇಬೇಕು. ಅಮೆರಿಕದ ಹೆಸರಾಂತ ಗಾಯಕ ಜಾನ್ ಡೆನ್ವರ್ ಒಳ್ಳೆಯ ಪೈಲಟ್ ಕೂಡ ಆಗಿದ್ದರು. 2,700 ಗಂಟೆಗೂ ಜಾಸ್ತಿ ಹಾರಾಟದ ಅನುಭವ. ಅವರು ಬೇರೆಯವರು ಕಟ್ಟಿದ್ದ ಒಂದು ಲಾಂಗ್-ಈಜಿ ಕೊಂಡರು. ಬರ್ಟ್ ರುಟಾನ್ ಅವರ ವಿನ್ಯಾಸ ಅದು. ಎಂಜಿನ್ ಹಿಂದೆ, ಪುಟ್ಟ ರೆಕ್ಕೆ ಮುಂದೆ. ವಿಮಾನ ಸಂಶೋಧನೆಯ ನಮ್ಮ ಸರ್ಕಾರಿ ಸಂಸ್ಥೆ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಇದೇ ವಿನ್ಯಾಸ ಇಟ್ಟುಕೊಂಡು ಬೆಂಗಳೂರಿನಲ್ಲಿ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತ್ತು.

ರುಟಾನ್ ನಕ್ಷೆಯಲ್ಲಿ ಪೆಟ್ರೋಲನ್ನು ಒಂದು ಟ್ಯಾಂಕಿನ ಬದಲು ಇನ್ನೊಂದರಿಂದ ತೆಗೆದುಕೊಳ್ಳುವಂತೆ ಮಾಡುವ ವಾಲ್ವ್ ಪೈಲಟ್‌ನ ಎರಡು ಕಾಲುಗಳ ನಡುವೆ ಇದೆ. ಈ ವಿಮಾನ ಕಟ್ಟಿದವರು ಅದನ್ನು ಪೈಲಟ್‌ನ ಎಡ ಭುಜದ ಹಿಂದಕ್ಕೆ ಇಟ್ಟಿದ್ದರು. ಪೆಟ್ರೋಲ್ ಪೈಪು ಕೂರುವ ಜಾಗದೊಳಗೆ ಹಾಯದಿರಲಿ ಎಂಬುದು ಅವರ ಯೋಚನೆ. ಅವರ ಮಟ್ಟಿಗೆ ಅದು ಕಾಳಜಿಯೇ. ಆದರೆ ಡೆನ್ವರ್ ಅವರಿಗೆ ಆ ಹಿಡಿ ಸುಲಭವಾಗಿ ಎಟುಕುತ್ತಿರಲಿಲ್ಲ. ಅದು ಬಿಗಿಯಾಗಿಯೂ ಇತ್ತು. ಹಿಂದಿರುವ ಪೆಟ್ರೋಲ್ ಮಟ್ಟ ನೋಡಲು ಒಂದು ಕನ್ನಡಿ ಬೇಕಾಗಿತ್ತು. ಅಕ್ಟೋಬರ್ 12ರಂದು ಪೆಟ್ರೋಲ್ ತುಂಬಿಸದೆ ಹೊರಟರು. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ, ಎತ್ತರ ಕಡಿಮೆ ಇರುವಾಗಲೇ ಟ್ಯಾಂಕ್ ಬದಲಿಸುವ ಸಂದರ್ಭ ಬಂತು. ಹಿಂದಕ್ಕೆ ತಿರುಗಿ ಕೈ ಚಾಚುವಾಗ ಬಲಗಾಲು ತಾನಾಗಿಯೇ, ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಒತ್ತುತ್ತದೆ ಎಂಬುದು ತನಿಖೆಯಲ್ಲಿ ಕಂಡುಬಂತು. ವಿಮಾನ ನೀರಿಗೆ ಬಿತ್ತು. ಅವರು ಉಳಿಯಲಿಲ್ಲ.

ಕಾಗದವೆಲ್ಲ ಸರಿ ಇದ್ದರೂ ಆ ವಾಲ್ವ್ ಅಲ್ಲೇ ಇರುತ್ತಿತ್ತು. ಆದ್ದರಿಂದ ನಾನು ಹೇಳುವುದು ಇಷ್ಟೇ. ಕಟ್ಟಿದವರು ಬದುಕಿದ್ದರೆ ಅವರ ಮನೆಗೆ ಹೋಗಿ. ನಡುವೆ ಎಷ್ಟು ಕೈ ಬದಲಾಗಿದ್ದರೂ ಹೋಗಿ. ವಿಮಾನದ ಮುಚ್ಚಳಗಳನ್ನೆಲ್ಲ ಬಿಚ್ಚಿಸಿ, ಪಕ್ಕದಲ್ಲಿ ನಿಂತು, ನಕ್ಷೆಗಿಂತ ಬೇರೆಯಾಗಿ ಮಾಡಿದ ಒಂದೊಂದನ್ನೂ ತೋರಿಸಿ ಎಂದು ಕೇಳಿ. ಹಿರಿಯರು ಖುಷಿಯಿಂದಲೇ ಹೇಳುತ್ತಾರೆ. ಅವರು ತೀರಿಕೊಂಡಿದ್ದರೆ ಕಟ್ಟುವಾಗ ತೆಗೆದ ಫೋಟೊಗಳನ್ನು, ಬರೆದಿಟ್ಟ ಪುಸ್ತಕವನ್ನು ಮನೆಯವರಿಂದ ಕೇಳಿ ಪಡೆಯಿರಿ. ಆಮೇಲೆ ನೆಲದ ಮೇಲೆ, ಎಂಜಿನ್ ಬಂದ್ ಮಾಡಿ, ಕಣ್ಣು ಮುಚ್ಚಿಕೊಂಡು ಪ್ರತಿ ಸ್ವಿಚ್ಚು, ಪ್ರತಿ ವಾಲ್ವ್ ಮುಟ್ಟಿ. ಸಿಗದಿದ್ದರೆ ಹಾರುವ ಹೊತ್ತು ಇನ್ನೂ ಬಂದಿಲ್ಲ.

ಇಂಥ ವಿಮಾನಗಳನ್ನು ರೆಕ್ಕೆ ಬಿಚ್ಚಿ ಲಾರಿಯಲ್ಲಿ ಸಾಗಿಸುವುದು ಮಾಮೂಲು. ಮತ್ತೆ ಜೋಡಿಸುವಾಗ ಕೇಬಲ್ ಅದಲುಬದಲಾದರೆ ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಕ್ ಎಡಕ್ಕೆ ತಳ್ಳಿದಾಗ ವಿಮಾನ ಬಲಕ್ಕೆ ವಾಲುತ್ತದೆ. ಸ್ಟಿಕ್ ಎಡಕ್ಕೆ ಹೋದಾಗ ಎಡ ರೆಕ್ಕೆಯ ತುದಿಯಲ್ಲಿ ಏಲೆರಾನ್ ಎಂಬ ಅಲುಗುವ ಪಟ್ಟಿ ಮೇಲೇಳಬೇಕು. ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗೆ ನಿಂತು, ಜೋರಾಗಿ ಹೇಳಿಕೊಂಡು ನೋಡಬೇಕು. ತೂಕವನ್ನೂ ಹೊಸದಾಗಿ ಹಾಕಿಸಿ. ಮೂರು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗುತ್ತಾರೆ. ಬಾಲಕ್ಕೆ ಒಂದು ಸುತ್ತು ಹೊಸ ಬಣ್ಣ ಬಳಿದರೂ ತೂಕದ ಮಧ್ಯಬಿಂದು ಹಿಂದಕ್ಕೆ ಸರಿಯುತ್ತದೆ. ಅದು ತೀರಾ ಹಿಂದೆ ಸರಿದ ವಿಮಾನ ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಮೂತಿ ಕೆಳಗೆ ತರುವುದು ಕಷ್ಟ.

ಇನ್ನು ಹಾರಾಟ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2011ರ ಒಂದೇ ವರ್ಷದಲ್ಲಿ ಇಂಥ ವಿಮಾನಗಳ 224 ಅಪಘಾತಗಳನ್ನು ಪರಿಶೀಲಿಸಿತು. ಅರ್ಧಕ್ಕಿಂತ ಜಾಸ್ತಿ ವಿಮಾನಗಳು ಸೆಕೆಂಡ್ ಹ್ಯಾಂಡ್ ಕೊಂಡವು. ಅದರಲ್ಲಿ 14 ಅಪಘಾತಗಳು ಹೊಸ ಮಾಲೀಕ ಮೊದಲ ಸಲ ಹಾರಿಸಿದಾಗಲೇ ಆದವು. ಈ ಲೆಕ್ಕ ಓದಿದಾಗ ನನಗೆ ಸಂಕಟವಾಯಿತು. ಆ ವಿಮಾನಗಳು ಹಿಂದಿನ ಮಾಲೀಕರ ಕೈಯಲ್ಲಿ ಹಾರಿದ್ದವೇ ಅಲ್ವಾ?

ಸೆಸ್ನಾದಲ್ಲಿ ಕಲಿತವರಿಗೆ ಆರ್‌ವಿ-6 ಸ್ಟಿಕ್ ತುಂಬ ಚುರುಕು ಅನ್ನಿಸುತ್ತದೆ. ಬಾಲಚಕ್ರದ ವಿಮಾನ ಇಳಿದ ಮೇಲೂ ಅಡ್ಡ ತಿರುಗಲು ನೋಡುತ್ತದೆ, ಕಾಲು ರಡ್ಡರ್ ಮೇಲೇ ಇರಬೇಕು. ಆ ಹುಡುಗನಿಗೆ ನಾನು ಹೇಳಿದ್ದು: ಅದೇ ಮಾದರಿ ಬಲ್ಲ ಶಿಕ್ಷಕರ ಜೊತೆ ಹಾರು, ಸಾಕಷ್ಟು ಎತ್ತರದಲ್ಲಿ ಸ್ಟಾಲ್ ಮಾಡಿ ಆ ವಿಮಾನ ಸ್ಟಾಲ್ ಆಗುವ ನಿಜವಾದ ವೇಗ ಬರೆದಿಟ್ಟುಕೊ. ಹಿಂದಿನವರು ಬರೆದ ಅಂಕಿ ಅವರ ಮೀಟರಿನದ್ದು, ಅವರ ತೂಕದ್ದು. ಹೆಂಡತಿಯನ್ನು ಕೂರಿಸಿಕೊಳ್ಳುವುದು ಆಮೇಲೆ.

ನಮ್ಮ ಕಡೆಯವರಿಗೆ ಇನ್ನೂ ಎರಡು ಮಾತು ಬೇಕು. ಹಾಸನ ಸಮುದ್ರ ಮಟ್ಟದಿಂದ 3,000 ಅಡಿಗೂ ಮೇಲಿದೆ. ಚಿಕ್ಕಮಗಳೂರು ಇನ್ನೂ ಮೇಲೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಬಿಸಿಲಿದ್ದರೆ ಹಾಸನದ ಗಾಳಿ ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗಾಗುತ್ತದೆ. ಎಂಜಿನ್ ಶಕ್ತಿಯ ಆರನೇ ಒಂದು ಭಾಗ ಹಾಗೇ ಹೋಗುತ್ತದೆ. ವಿಮಾನ ಮೇಲೇಳಲು ಬೇಕು ಎಂದು ಸಮುದ್ರದ ದಡದಲ್ಲಿ ಅಳೆದ ಓಟದ ದೂರ ಇಲ್ಲಿ ಸಾಲುವುದಿಲ್ಲ. ಹಾರಾಟ ಬೆಳಗಿನ ತಂಪಿನಲ್ಲಿ ಮುಗಿಸಬೇಕು.

ಇನ್ನೊಂದು ಪೆಟ್ರೋಲ್. ಈಗ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಹಗುರ ವಿಮಾನಗಳಲ್ಲಿ ಜಾಸ್ತಿ ಕಾಣುವ ರೋಟಾಕ್ಸ್ 912 ಎಂಜಿನ್‌ಗೆ ತಯಾರಕರು ಶೇ. 10ರವರೆಗೆ ಮಾತ್ರ ಒಪ್ಪಿದ್ದಾರೆ. ಎಥನಾಲ್ ಹಳೆಯ ಫೈಬರ್ ಟ್ಯಾಂಕನ್ನು, ರಬ್ಬರನ್ನು ತಿನ್ನುತ್ತದೆ. ನಮ್ಮ ಮಳೆಗಾಲದ ತೇವವನ್ನೂ ಎಳೆದುಕೊಳ್ಳುತ್ತದೆ. ಆ ಎಂಜಿನ್ನಿನ ರಬ್ಬರ್ ಪೈಪುಗಳನ್ನು ಓಡಲಿ ಬಿಡಲಿ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದ ವಿಮಾನ, ಗಂಟೆ ಕಡಿಮೆ ಓಡಿದೆ ಎಂದು ಮಾರುವವರು ಹೇಳಿದರೆ, ಪೈಪು ಹಾಕಿದ ತಾರೀಖು ಲಾಗ್‌ಬುಕ್ಕಿನಲ್ಲಿ ತೋರಿಸಿ ಎಂದು ಕೇಳಿ.

ನಮಸ್ಕಾರ.